ಕಮರುದ್ದೀನ ಕೇಳಿದ ಮಾಫಿ

ಹುಬ್ಬಳ್ಳಿ ರೈಲು ನಿಲ್ದಾಣದ ಹೊರಗಿನ ಚಹಾ ಅಂಗಡಿಯ ಹಿಂದೆ ನೀರಿನ ಮೋಟರೊಂದು ಗರಗರ ಎನ್ನುತ್ತ, ನಡುನಡುವೆ ಕೆಮ್ಮಿದಂತೆ ಸದ್ದು ಮಾಡುತ್ತಿತ್ತು. ಕಮರುದ್ದೀನ ಚಹಾದ ಲೋಟವನ್ನು ತುಟಿಗೆ ಒಯ್ಯದೆ ಕಿವಿಗೊಟ್ಟ.

"ಬೇರಿಂಗ್ ಹೋಗೇತಿ," ಎಂದ.

"ಹೋಗಲಿ ಬಿಡಪಾ," ಎಂದ ಎದುರಿಗೆ ಕೂತಿದ್ದ ಮಹಾಂತಯ್ಯ. "ಮೆಕ್ಕಾಕ್ಕ ಹೊಂಟಾಂವ ನೀ. ಅಲ್ಲೂ ನಮಾಜ್ ಬಿಟ್ಟು ಮೋಟರ್ ಕೇಳಿಸ್ಕೋತ ನಿಂತಿ ಅಂದ್ರ ಹೊರಗ ಹಾಕ್ತಾರ."

ಕಮರುದ್ದೀನ ನಲವತ್ತು ವರ್ಷ ಗೋಪನಕೊಪ್ಪದ ಸಣ್ಣ ಅಂಗಡಿಯಲ್ಲಿ ಕೂತು ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತಿದವನು. ತಾರಿಹಾಳದ ಕಾರ್ಖಾನೆಗಳವರೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಒಂದು ಸುತ್ತು ತಪ್ಪಿದರೂ ಪೂರ್ತಿ ಬಿಚ್ಚಿ ಮೊದಲಿನಿಂದ ಸುತ್ತುತ್ತಿದ್ದ; ಒಳಗಿನದು ಯಾರಿಗೆ ಕಾಣುತ್ತದೆ ಎಂದು ಬಿಟ್ಟವನಲ್ಲ. ಈಗ ಅಂಗಡಿಯನ್ನು ಮಗ ಫರಾಜನಿಗೆ ವಹಿಸಿ ಮೆಕ್ಕಾದ ಉಮ್ರಾ ಯಾತ್ರೆಗೆ ಹೊರಟಿದ್ದ. ಮಧ್ಯಾಹ್ನದ ರೈಲಿಗೆ ಮುಂಬೈ, ಅಲ್ಲಿಂದ ವಿಮಾನ. ಅದಕ್ಕೂ ಮೊದಲು, ಸುಳ್ಳ ಎಂಬ ಹಳ್ಳಿಯಲ್ಲಿ ಜೊತೆಗೇ ಬೆಳೆದ ಮಹಾಂತಯ್ಯ ಹಟ ಹಿಡಿದು ಅವನನ್ನು ನಾಲ್ಕು ದಿನ ಗೋಕರ್ಣಕ್ಕೆ ಕರೆದೊಯ್ದಿದ್ದ. ಅರವತ್ತು ದಾಟಿದ ಇಬ್ಬರೂ ಮೊಣಕಾಲುದ್ದ ನೀರಿನಲ್ಲಿ ನಿಂತು, ತೆರೆ ಬಂದಾಗಲೆಲ್ಲ ಒಬ್ಬರ ತೋಳನ್ನೊಬ್ಬರು ಹಿಡಿದು ನಕ್ಕಿದ್ದರು. ಇಂದು ಬೆಳಿಗ್ಗೆ ಬಸ್ಸಿಳಿಯುವಾಗ ಅದೆಲ್ಲ ಮುಗಿದಿತ್ತು. ಇನ್ನೊಂದು ತಾಸಿಗೆ ಇವನು ರೈಲಿಗೆ, ಅವನು ಸುಳ್ಳದ ಬಸ್ಸಿಗೆ.

ಉಮ್ರಾಕ್ಕೆ ಹೊರಟವರು ಬಳಗದವರ, ನೆರೆಯವರ ಮುಂದೆ ನಿಂತು, ಆಡಿದ್ದು ಮಾಡಿದ್ದು ಮಾಫ್ ಮಾಡಿ ಎಂದು ಕೇಳುವುದು ರೂಢಿ. ಎಲ್ಲರೂ ನಗುತ್ತಲೇ ಮಾಫ್ ಎನ್ನುತ್ತಾರೆ. ಮಹಾಂತಯ್ಯನೂ ಅಂದಿದ್ದ: "ಸಾಲ್ಯಾಗ ನನ್ನ ಪಾಟಿ ಒಡದಿದ್ಯಲ್ಲ, ಅದೂ ಮಾಫ್." ಆದರೆ ಏನು ತಪ್ಪೆಂದು ಹೇಳದೆ ಪಡೆದ ಮಾಫಿಯನ್ನು ಇಟ್ಟುಕೊಂಡು ಕಾಬಾದ ಮುಂದೆ ನಿಲ್ಲುವುದು ಕಮರುದ್ದೀನನಿಗೆ ಆಗದ ಮಾತು. ನಾಲ್ಕೂ ದಿನ ಹೇಳಲೆಂದು ಬಾಯಿ ತೆರೆದಿದ್ದ. ಗೆಳೆಯನ ನಗುಮುಖ ಕಂಡು ಮುಚ್ಚಿಕೊಂಡಿದ್ದ.

"ಅಯ್ಯಾ," ಎಂದ ಈಗ. ಸಣ್ಣವರಿದ್ದಾಗಿನಿಂದ ಅವನನ್ನು ಕರೆಯುವುದೇ ಹಾಗೆ. "ನಿನಗ ಒಂದು ಮಾತು ಹೇಳೂದೈತಿ. ಆರತೀದು."

ಆರತಿ ಮಹಾಂತಯ್ಯ, ಮುರಿಗೆವ್ವ ದಂಪತಿಯ ಒಬ್ಬಳೇ ಮಗಳು. ಹನ್ನೊಂದು ವರ್ಷದ ಹಿಂದೆ ತಾನು ಮೆಚ್ಚಿದವನನ್ನು ಮದುವೆಯಾಗಿ ಸೊಲ್ಲಾಪುರಕ್ಕೆ ಹೋದವಳು, ಹೋದ ದೀಪಾವಳಿಯ ಹೊತ್ತಿಗೆ ಕಾಮಾಲೆಯಾಗಿ ತೀರಿಕೊಂಡಿದ್ದಳು. ಎಲ್ಲ ಮುಗಿದ ಮೂರು ದಿನದ ಮೇಲೆ ಸುಳ್ಳಕ್ಕೆ ಸುದ್ದಿ ಬಂದಿತ್ತು.

ಮಹಾಂತಯ್ಯ ಲೋಟ ಕೆಳಗಿಟ್ಟ.

"ಅಕೀ ನನಗ ಫೋನ್ ಮಾಡ್ತಿದ್ಲು. ವರ್ಷಾ ನಾಗರ ಪಂಚಮಿಗೆ. ಎಲ್ಲಾರೂ ತೌರಿಗೆ ಹೊಂಟಾರ ಕಾಕಾ, ನಾ ಬರ್ಲೇನು, ಅಪ್ಪ ಏನಂತಾನ, ಅಂತ ಕೇಳ್ತಿದ್ಲು. ನಾ ತಡಿಯವ್ವಾ ಅಂತಿದ್ನಿ. ಸಿಟ್ಟು ಇಳದಿಲ್ಲ, ಮುಂದಿನ ವರ್ಷ ನೋಡೂಣು ಅಂತ. ಒಂಬತ್ತು ಸಲ ಅಂದೇನಿ."

"ನನ್ನ ಕೇಳದನ?"

"ಹೊಸ್ತಲಾ ತುಳದ್ರ ಕಾಲ ಕಡೀತೇನಿ ಅಂದಿದ್ಯಲ್ಲೋ ನೀ. ಅದ ನನ್ನ ಕಿವ್ಯಾಗಿತ್ತು."

"ಅದು ಮೊದಲ್ನೇ ವರ್ಷದ ಮಾತು." ಮಹಾಂತಯ್ಯನ ದನಿ ಏರಲಿಲ್ಲ. "ಮರುವರ್ಷದಿಂದ ಪಂಚಮಿಗೆ ಮುರಿಗೆವ್ವ ಅಕೀ ಪಾಲಿನ ಉಂಡಿ ಬ್ಯಾರೆ ಡಬ್ಬ್ಯಾಗ ತಗದಿಡ್ತಿದ್ಲು. ನಾ ನೋಡಿನೂ ನೋಡಲಾರದಂಗ ಇರ್ತಿದ್ನಿ. ಒಂದು ವರ್ಷ ಆ ಡಬ್ಬಿ ನಾನ ಒರಸಿ ಕೊಟ್ಟೇನಿ."

"ನನಗ ಹೇಳ್ಲಿಲ್ಲಲ್ಲೋ."

"ಹೆಂಡ್ತಿಗೂ ಹೇಳ್ಲಿಲ್ಲ. ನಾಚ್ಕಿ ಬರ್ತಿತ್ತು."

ಅಂಗಡಿಯವನು ಬಂದು ಲೋಟಗಳನ್ನು ಒಯ್ದ.

"ಮಾಫ್ ಮಾಡ್ತೀಯೇನು ಅಯ್ಯಾ?"

ಮಹಾಂತಯ್ಯ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. "ದನಿ ಹೆಂಗಿತ್ತು ಅಕೀದು?" ಎಂದ.

"ಥೇಟ್ ಮುರಿಗೆವ್ವಂದು."

"ನಗ್ತಿದ್ಲು?"

"ನಗ್ತಿದ್ಲು."

"ಕಡೀ ಸಲ ಏನಂದ್ಲು?"

ಕಮರುದ್ದೀನನಿಗೆ ಒಂದೊಂದು ಶಬ್ದವೂ ನೆನಪಿತ್ತು. ಈ ಸಲ ನಿಮ್ಮನ್ನ ಕೇಳಂಗಿಲ್ಲ ಕಾಕಾ, ಚೀಲ ತುಂಬೇನಿ, ಬಸ್ ಹತ್ತತೇನಿ, ಅಂದಿದ್ದಳು. ಅರ್ಧ ತಾಸು ತಿಳಿಹೇಳಿ ಚೀಲ ಬಿಚ್ಚಿಸಿದವನು ತಾನು. ಎಲ್ಲವನ್ನೂ ಹೇಳಿ ಹೊರಡಬೇಕೆಂದು ಬಂದವನಿಗೆ, ಗೆಳೆಯನ ಮುಖ ನೋಡುತ್ತ, ಇದೊಂದನ್ನು ಅವನ ಮೇಲೆ ಹೇರಲಾರೆ ಎಂದು ಅನಿಸಿತು. ಮಾಫಿ ಸಿಗದಿದ್ದರೂ ಸರಿ.

"ಆರಾಮ ಅದೇನಿ ಅಂದ್ಲು," ಎಂದ.

ನಿಲ್ದಾಣದೊಳಗೆ ಮುಂಬೈ ಗಾಡಿಯ ಹೆಸರು ಕೂಗಿದರು. ಕಮರುದ್ದೀನ ಚೀಲ ಹೆಗಲಿಗೇರಿಸಿ, ಗೆಳೆಯನ ಭುಜ ಮುಟ್ಟಿದ. ಮಹಾಂತಯ್ಯ ಏಳಲಿಲ್ಲ.

"ಮನ್ಯಾಗ ಒಂದು ರೊಟ್ಟಿ ಬಡದಾಕಿ ಅಲ್ಲ ಅಕೀ," ಎನ್ನುತ್ತಿದ್ದ. "ಅಲ್ಲಿ ಹೋಗಿ ಕಲ್ತಿದ್ಲೇನು? ಕೇಳಿದ್ಯಾ ನೀ? ಕಮರು, ಊಟಕ್ಕ ಏನ್ ಮಾಡ್ಕೋತಿದ್ಲು ಅಂತ ಒಮ್ಮೆರ..."

ಕಮರುದ್ದೀನ ಆಗಲೇ ನಿಲ್ದಾಣದ ಮೆಟ್ಟಿಲು ಹತ್ತುತ್ತಿದ್ದ.