ಚಿನ್ನ ಕಾಯುತ್ತ ಓದಿದ ಪುಸ್ತಕಗಳು

ಅವ್ವನ ಬಳೆ ಕುಲುಮೆಯಲ್ಲಿ ಕರಗುವಾಗ ನನ್ನ ಕೈಯಲ್ಲಿದ್ದದ್ದು ಜೇನು ಸಾಕಣೆಯ ಪುಸ್ತಕವೇ ಇರಬೇಕು. ಪತ್ತೇದಾರಿ ಕಾದಂಬರಿ ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಅದೇ ನೆನಪಾಗಿಬಿಟ್ಟಿದೆ. ಪತ್ತೇದಾರಿ ಓದುತ್ತ ಎದುರಿನ ಚಿನ್ನವನ್ನೇ ನೋಡದೆ ಕೂತವನ ಕಥೆ ಕೇಳುವವರಿಗೆ ಹೆಚ್ಚು ರುಚಿಸುತ್ತದೆ. ಅಷ್ಟು ಅಚ್ಚುಕಟ್ಟಾಗಿ ಹೊಂದುವ ನೆನಪನ್ನು ನಾನು ನಂಬುವುದಿಲ್ಲ.

ನಮ್ಮ ಕಡೆ ಹಳೆ ಚಿನ್ನ ಕರಗಿಸಿ ಹೊಸ ಒಡವೆ ಮಾಡಿಸುವಾಗ ಮನೆಯವರೊಬ್ಬರು ಅಕ್ಕಸಾಲಿ ಆಚಾರಿಯ ಎದುರು ಕೂತು ಕಾಯುತ್ತಾರೆ. ಅದು ಅಪನಂಬಿಕೆಯಲ್ಲ, ಪದ್ಧತಿ ಎಂದು ಎರಡೂ ಕಡೆಯವರು ಹೇಳುತ್ತಾರೆ. ಕೆ.ಆರ್. ಪೇಟೆಯಲ್ಲಿರುವ ನಮ್ಮಕ್ಕ, ತೀರಿಹೋದ ಅವ್ವನ ಎರಡು ಬಳೆ ಕರಗಿಸಿ ಮಗಳಿಗೆ ಸರ ಮಾಡಿಸಲು ಹೊರಟಾಗ ಕಾಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಪಾಂಡವಪುರದಲ್ಲಿ ಮೇಷ್ಟ್ರು. ದಸರಾ ರಜೆ ಇತ್ತು. ನಾಗಮಂಗಲದ ಆಚಾರಿಯ ಅಂಗಡಿಯಲ್ಲಿ ಮೂರು ದಿನ ಕೂತೆ.

ಕಾಯುವವರಿಗೆ ಬೇಜಾರಾಗದಿರಲೆಂದು ಆಚಾರಿ ಗೋಡೆಯ ಗೂಡಿನಲ್ಲಿ ಪುಸ್ತಕ ಇಟ್ಟಿದ್ದರು. ಒಂದೂ ಕೊಂಡದ್ದಲ್ಲ, ಹಿಂದೆ ಕಾದವರು ಬಿಟ್ಟುಹೋದವು. ಹಾಗಾಗಿ ಯಾವ ಗ್ರಂಥಾಲಯದವರೂ ಒಟ್ಟಿಗೆ ಇಡದ ಪುಸ್ತಕಗಳು ಅಲ್ಲಿ ಒಂದಕ್ಕೊಂದು ಒರಗಿ ನಿಂತಿದ್ದವು: ಸಂಸ್ಕೃತ ವ್ಯಾಕರಣ, ಅದಕ್ಕೆ ಆತುಕೊಂಡು ಪತ್ತೇದಾರಿ, ಎಣ್ಣೆಕೈಯ ಗುರುತಿದ್ದ ಬಾಣಂತಿ ಆರೈಕೆ, ಹಿಮ ಬೀಳುವ ಯಾವುದೋ ದೇಶದ ಕಾದಂಬರಿಯ ಅನುವಾದ, ಜೇನು ಸಾಕಣೆ.

ಮನೆಯಲ್ಲಿ ನನ್ನದೂ ಒಂದು ಕಪಾಟಿದೆ. ಕಾವ್ಯ, ವಿಮರ್ಶೆ, ಬಂದವರ ಕಣ್ಣಿಗೆ ಬೀಳುವಂತೆ ಜೋಡಿಸಿದ್ದೇನೆ. ಅಲ್ಲಿನ ಬಹುಪಾಲು ಪುಸ್ತಕಗಳಲ್ಲಿ ನನ್ನ ಪೆನ್ಸಿಲ್ ಗೆರೆ ಇಪ್ಪತ್ತನೇ ಪುಟಕ್ಕೇ ನಿಂತುಹೋಗಿದೆ. ಆರಿಸಿ ಕೊಂಡ ಪುಸ್ತಕ ನಮ್ಮ ಅಂತಸ್ತು ನೋಡಿಕೊಂಡರೆ ಸಾಕು, ಓದದಿದ್ದರೂ ನಡೆಯುತ್ತದೆ. ಯಾರೋ ಬಿಟ್ಟುಹೋದ ಪುಸ್ತಕಕ್ಕೆ ಆ ಜವಾಬ್ದಾರಿ ಇಲ್ಲ. ಬಾಣಂತಿಗೆ ಏನು ಕೊಡಬಾರದು ಎಂಬುದನ್ನು ನಾನು ಯಾವ ವಿಮರ್ಶೆಯನ್ನೂ ಓದದಷ್ಟು ಶ್ರದ್ಧೆಯಿಂದ ಓದಿದೆ.

ವ್ಯಾಕರಣದ ಪುಸ್ತಕ ಮೇಲುಕೋಟೆಯ ಅರ್ಚಕರೊಬ್ಬರದಂತೆ. ದೇವರ ಬೆಳ್ಳಿ ಕವಚ ಕಾಯಲು ಬಂದು ಕೂತವರು ಅಂಚಿನಲ್ಲಿ ಬರೆದಿದ್ದರು: ‘ಸಂಧಿ ಪ್ರಕರಣ ಮುಗಿಯಿತು, ಎಡಭುಜವೂ ಮುಗಿಯಿತು.’ ಬಾಣಂತಿ ಆರೈಕೆಯಲ್ಲಿ ಯಾವುದೋ ಹೆಂಗಸು ‘ಓಲೆಗೆ ಕಲ್ಲು ಕೂರಿಸಿದರು’ ಎಂದು ಪುಟದ ತಲೆಯ ಮೇಲೆ ಗೀಚಿದ್ದಳು. ಒಂದು ಕಣ್ಣು ಪುಸ್ತಕದಲ್ಲಿ, ಒಂದು ಕಣ್ಣು ಕುಲುಮೆಯಲ್ಲಿ ಇಟ್ಟು ಓದುವ ಜನ ಅವರು. ನಾನು ಗೆರೆ ಎಳೆದದ್ದು ರಾಣಿಜೇನಿನ ಕೆಳಗೆ ಮಾತ್ರ. ಮರಿಯಾಗಿದ್ದಾಗ ತಿಂದ ಆಹಾರದಿಂದಲೇ ಅದು ರಾಣಿಯಾಗುತ್ತದೆ ಎಂದು ತಿಳಿದು ಬಹಳ ಹೊತ್ತು ಯೋಚಿಸುತ್ತಿದ್ದೆ. ಅವ್ವನ ಬಳೆ ಆಗಲೇ ಕರಗಿರಬೇಕು.

ಮೂರನೇ ದಿನ ಅಕ್ಕ ಬಂದಳು. ಸರ ತೂಗಿದರು. ಕರಗಿಸಿದರೆ ಇಷ್ಟು ಹೋಗುತ್ತದೆ ಎಂದು ಮೊದಲೇ ಹೇಳಿದ್ದಕ್ಕಿಂತ ಅರ್ಧ ಗ್ರಾಂ ಹೆಚ್ಚು ಹೋಗಿತ್ತು. ಹಳೆ ಬಳೆ, ಒಳಗಿನ ಬೆಸುಗೆ ಉರಿದುಹೋಗಿದೆ ಎಂದು ಆಚಾರಿ ತಗ್ಗಿದ ದನಿಯಲ್ಲಿ ಹೇಳಿದರು. ಅಕ್ಕ ಕೆ.ಆರ್. ಪೇಟೆಗೆ ಹೋಗಿ ಅನುಮಾನದ ಒಂದು ಮಾತಾಡಿದರೆ ಸಾಕಿತ್ತು. ಸಿಂಧಘಟ್ಟದ ನಮ್ಮ ನೆಂಟರವರೆಗೆ ಯಾರೂ ಆ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಅದು ಆಚಾರಿಗೂ ಗೊತ್ತಿತ್ತು. ಅಕ್ಕ ನನ್ನ ಕಡೆ ತಿರುಗಿದಳು.

“ಕರಗ್ಸುವಾಗ ನೀನ್ ಕಣ್ಣಾರೆ ನೋಡ್ದೇನ್ಲಾ?”

“ಕಣ್ಣು ಕೀಳ್ನಿಲ್ಲ ಕಣಕ್ಕ” ಎಂದೆ.

ಆ ಸುಳ್ಳನ್ನು ಆಚಾರಿಯ ಮರ್ಯಾದೆಗಾಗಿ ಹೇಳಿದೆ ಎಂದುಕೊಳ್ಳುವುದು ನನಗೆ ಹಿತ. ನನ್ನ ಮರ್ಯಾದೆಯೂ ಅದರಲ್ಲಿ ಬೆರೆತಿತ್ತು. ಯಾವುದು ಎಷ್ಟು ಎಂದು ಬೇರ್ಪಡಿಸಲಾರೆ.

ಆಚಾರಿ ಸರವನ್ನು ತಕ್ಕಡಿಯಿಂದ ಎತ್ತಿ ಕೆಳಗಿಟ್ಟರು. “ಮೇಷ್ಟ್ರು ನೋಡ್ನಿಲ್ಲ ಕಣಕ್ಕ. ಓದ್ತಾ ಕುಂತಿದ್ರು. ಕರಗೋ ಹೊತ್ನಲ್ಲಿ ನಾನೇ ಎರಡ್ ಸತಿ ಕೂಗ್ದೆ, ತಲೆ ಎತ್ನಿಲ್ಲ.”

ಅಕ್ಕ ಸರವನ್ನು ಆಚಾರಿಯ ಕಡೆಗೆ ಸರಿಸಿದಳು. ಆಮೇಲೆ ಹೇಳಿದಳು: “ಇವ್ನ್ ಕಣ್ಣಿಗಿಂತ ನಿಮ್ ಬಾಯೇ ವಾಸಿ ಬುಡಿ ಆಚಾರ್ರೇ. ಕಟ್ಕೊಡಿ.”

ಬಸ್ಸಿನಲ್ಲಿ ಅವಳು ಆಡಿದ್ದು ಒಂದೇ ಮಾತು. “ನಿನ್ನ ಕೂರ್ಸೋ ಬದ್ಲು ಆ ಪುಸ್ತಕನೇ ಕೂರ್ಸಿದ್ರೆ ಆಯ್ತಿತ್ತು ಕಣ್ಲಾ.” ಊರಿನಲ್ಲಿ ಆಚಾರಿಯ ಬಗ್ಗೆ ತಪ್ಪಿಯೂ ಏನೂ ಹೇಳಲಿಲ್ಲ.

ನನ್ನ ಸುಳ್ಳಿನ ಹಿಂದೆ ಆಚಾರಿ ಸುಮ್ಮನೆ ನಿಂತುಬಿಡಬಹುದಿತ್ತು. ನಿಲ್ಲಲಿಲ್ಲ. ಅದು ಪ್ರಾಮಾಣಿಕತೆ ಎಂದು ಒಮ್ಮೆ ಅನ್ನಿಸುತ್ತದೆ. ಗಿರಾಕಿಗಳನ್ನು ಓದಬಲ್ಲವರು, ಅಕ್ಕನ ಮುಂದೆ ಯಾವುದು ನಿಲ್ಲುತ್ತದೆಂದು ಬಲ್ಲರು ಎಂದು ಇನ್ನೊಮ್ಮೆ. ಅವರು ಎರಡು ಸಲ ಕೂಗಿದ್ದು ನಿಜವೋ, ನನಗೆ ಗೊತ್ತಿಲ್ಲ. ಆ ಅರ್ಧ ಗ್ರಾಂ ಬೆಂಕಿಗೇ ಹೋಯಿತೋ, ಅದೂ ಗೊತ್ತಿಲ್ಲ. ಗೊತ್ತಿರಲಿ ಎಂದೇ ನನ್ನನ್ನು ಅಲ್ಲಿ ಕೂರಿಸಿದ್ದರು.