ಜಾಗಾ ಹೆಚ್ಚಾಗೈತಿ

ಏನನ್ನಾದರೂ ಅಳಿಸುವ ಮೊದಲು ನೀವು ಎಲ್ಲಿ ನಿಂತಿದ್ದೀರಿ ಎಂದು ಯಂತ್ರವನ್ನೇ ಕೇಳಿ. ಯಾರಿಗೆ ಕಂಪ್ಯೂಟರ್ ಕಲಿಸಿದರೂ ನನ್ನ ಮೊದಲ ಪಾಠ ಇದೇ. ಹಾಗೆ ಕೇಳುವ ಆಜ್ಞೆಗೆ ಮೂರೇ ಅಕ್ಷರ, ಪಿ-ಡಬ್ಲ್ಯೂ-ಡಿ. ಖಾನಾಪುರದ ದವಾಖಾನೆಯಲ್ಲಿ ಯಂತ್ರದ ಮುಂದೆ ಕೂರುತ್ತಿದ್ದ ಹೆಣ್ಣುಮಗಳಿಗೆ ಇದನ್ನು ಹೇಳಿಕೊಟ್ಟ ದಿನ ಆಕೆ ನಕ್ಕುಬಿಟ್ಟಿದ್ದರು. ಮೊದಲು ಸಾಲಿಯಲ್ಲಿ ಕಲಿಸುತ್ತಿದ್ದವರಾದ್ದರಿಂದ ಎಲ್ಲರೂ ಅವರನ್ನು ಅಕ್ಕಾರು ಎಂದೇ ಕರೆಯುತ್ತಿದ್ದರು.

"ಪಿಡಬ್ಲ್ಯೂಡಿ ಅಂದ್ರ ರಸ್ತಾ ಮಾಡೂ ಮಂದಿ ಅಲ್ಲೇನ್ರಿ ಸಾವಕಾರ್ರ?"

"ಅವರು ರಸ್ತಾ ಮಾಡ್ತಾರ್ರಿ. ಇದು, ನೀವು ಯಾವ ರಸ್ತಾದಾಗ ನಿಂತೀರಿ ಅಂತ ಹೇಳತೈತಿ."

"ಹಂಗಾದ್ರ ಇದ ಛಲೋ ಬಿಡ್ರಿ. ಅವರು ಮಾಡಿದ ರಸ್ತಾದಾಗ ನಿಂದರಾಕೂ ಬರೂದಿಲ್ಲ."

ನಾನು ಸಾವಕಾರನೇನೂ ಅಲ್ಲ. ಎಪ್ಪತ್ತರ ದಶಕದಲ್ಲಿ ಬೆಳಗಾವಿಯ ರವಿವಾರ ಪೇಟೆಯ ಕಾಳಿನ ಅಂಗಡಿಯೊಂದರಲ್ಲಿ ತೂಕಕ್ಕೆ ನಿಲ್ಲುತ್ತಿದ್ದವನು. ಮೂಲೆಗೆ ಬಿದ್ದಿದ್ದ ಕೆಟ್ಟ ಟೈಪ್‌ರೈಟರನ್ನು ಅಂಗಡಿಯ ಯಜಮಾನರಿಂದ ಚೌಕಾಸಿ ಮಾಡಿ ತೆಗೆದುಕೊಂಡೆ, ಬಿಚ್ಚಿದೆ, ಕೂಡಿಸಿದೆ, ಮಾರಿದೆ. ಟೈಪ್‌ರೈಟರಿನಿಂದ ಲೆಕ್ಕದ ಯಂತ್ರಕ್ಕೆ ಬಂದೆ, ಅಲ್ಲಿಂದ ಮುಂಬಯಿಯ ಕಚೇರಿಗಳು ಹಳೆಯದಾಯಿತೆಂದು ಹೊರಹಾಕಿದ ಕಂಪ್ಯೂಟರುಗಳಿಗೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನನಗೊಂದು ಅಂಗಡಿ ಇತ್ತು, ಸುತ್ತಲಿನ ಊರುಗಳ ಕೆಲವು ಯಂತ್ರಗಳನ್ನು ನೋಡಿಕೊಳ್ಳುವ ಕೆಲಸವಿತ್ತು. ಆ ವಿದ್ಯೆಯನ್ನು ಯಾರೂ ಕಲಿಸಲಿಲ್ಲ. ಇಂಗ್ಲಿಷ್ ಕೈಪಿಡಿಯನ್ನು ನಿಘಂಟು ಹಿಡಿದು ಓದಿದೆ. ಓದಿದ್ದಕ್ಕಿಂತ ಹೆಚ್ಚು ಪೇಟೆಯ ಬುದ್ಧಿಯೇ ಉಪಯೋಗಕ್ಕೆ ಬಂತು.

ಒಂದು ಕಡೆ ಮಾತ್ರ ಪೇಟೆಯ ಬುದ್ಧಿ ನಡೆಯಲಿಲ್ಲ. ಪೇಟೆಯಲ್ಲಿ ಎದುರಿಗಿನವನು ಸುಮ್ಮನಿದ್ದರೆ ವ್ಯಾಪಾರ ಕುದುರಿಲ್ಲ ಎಂದರ್ಥ. ಈ ಯಂತ್ರಗಳ ರೀತಿ ಉಲ್ಟಾ. ಆಜ್ಞೆ ಕೊಟ್ಟ ಮೇಲೆ ಅದು ಸುಮ್ಮನಿದ್ದರೆ ಕೆಲಸ ಆಗಿದೆ ಎಂದು ತಿಳಿಯಬೇಕು. ತಪ್ಪಾದರೆ ಮಾತ್ರ ಬಾಯಿ ಬಿಡುತ್ತದೆ. ಊರು ಅಳಿಸು ಎಂದರೂ ಅಳಿಸಿ ತೆಪ್ಪಗೆ ಕೂರುತ್ತದೆ.

ಖಾನಾಪುರದ ಆ ದವಾಖಾನೆ ಕ್ಷಯರೋಗದ್ದು. ದಾನಿಗಳ ದುಡ್ಡಿನಲ್ಲಿ ನಡೆಯುತ್ತಿತ್ತು. ನಡೆಸುತ್ತಿದ್ದವರು ವಯಸ್ಸಾದ ಲೇಡಿ ಡಾಕ್ಟರು, ಎಲ್ಲರೂ ಅವರನ್ನು ಡಾಕ್ಟರ್ ಬಾಯಿ ಎನ್ನುತ್ತಿದ್ದರು. ರೋಗಿಗಳ ಕಾರ್ಡುಗಳನ್ನು ಎರಡು ಸಲ ಗೆದ್ದಲು ತಿಂದ ಮೇಲೆ ದಾನಿಗಳು ಒಂದು ಯಂತ್ರ ಕೊಟ್ಟರು. ಒಳಗಿನ ಕೋಣೆಯಲ್ಲಿ ದೊಡ್ಡ ಪೆಟ್ಟಿಗೆ, ಹೊರಗೆ ಅದಕ್ಕೆ ಜೋಡಿಸಿದ ಎರಡು ಪರದೆ. ಅದನ್ನು ನೋಡಿಕೊಳ್ಳಲು ನಾನು ದರ ಹೇಳಿದಾಗ ಬಾಯಿ ಕನ್ನಡಕದ ಮೇಲಿಂದ ನೋಡಿದರು.

"ನಾ ರೋಗಿ ಕಡೆ ಏನೂ ತೊಗೊಳ್ಳೂದಿಲ್ಲ. ನೀ ನನ್ನ ಕಡೆ ಹೆಂಗ ತೊಗೋತೀಪಾ?"

"ಬಾಯೀರ, ನನಗೂ ಹೊಟ್ಟಿ ಐತ್ರಿ."

"ಹೊಟ್ಟಿ ಐತಿ ಅಂದ್ರ ಮಧ್ಯಾಹ್ನ ಇಲ್ಲೇ ಉಣ್ಣು."

ಕೊನೆಗೆ ಬಸ್ಸಿನ ಖರ್ಚು ಮತ್ತು ಮಧ್ಯಾಹ್ನದ ಊಟಕ್ಕೆ ಒಪ್ಪಿಕೊಂಡೆ. ನನ್ನ ಜೀವಮಾನದಲ್ಲಿ ಅಷ್ಟು ಸುಲಭವಾಗಿ ಸೋತ ವ್ಯಾಪಾರ ಮತ್ತೊಂದಿಲ್ಲ.

ಕ್ಷಯದ ಒಂದು ಕೆಟ್ಟ ಗುಣವೆಂದರೆ, ಗುಳಿಗೆ ಶುರುವಾದ ಸ್ವಲ್ಪ ದಿನಕ್ಕೇ ಮನುಷ್ಯನಿಗೆ ಆರಾಮೆನಿಸುತ್ತದೆ. ಕೆಮ್ಮು ನಿಲ್ಲುತ್ತದೆ, ಮೈ ತುಂಬುತ್ತದೆ, ಅವನು ದವಾಖಾನೆಯ ದಾರಿ ಬಿಡುತ್ತಾನೆ. ರೋಗ ಮಾತ್ರ ಒಳಗೇ ಇರುತ್ತದೆ. ಮತ್ತೆ ಎದ್ದಾಗ ಹಳೆಯ ಗುಳಿಗೆಗೆ ಬಗ್ಗುವುದಿಲ್ಲ. ಅದಕ್ಕೇ ಯಂತ್ರದಲ್ಲಿ ಒಬ್ಬೊಬ್ಬ ರೋಗಿಗೆ ಒಂದೊಂದು ಫೈಲು ಮಾಡಿದ್ದೆ. ಫೈಲಿನ ಹೆಸರು ಅವರ ಊರಿನ ಇಂಗ್ಲಿಷ್ ಅಕ್ಷರದಿಂದ ಶುರುವಾಗುತ್ತಿತ್ತು. ತಿಂಗಳಿಗೊಮ್ಮೆ, ಬರಬೇಕಾಗಿದ್ದು ಬಾರದವರ ಹೆಸರುಗಳನ್ನು ಯಂತ್ರ ಕಾಗದದ ಮೇಲೆ ಹೊಡೆದು ಕೊಡುತ್ತಿತ್ತು. ಅದನ್ನು ಹಿಡಿದು ಕಂಪೌಂಡರ್ ಸೈಕಲ್ ಹತ್ತುತ್ತಿದ್ದ.

ಹಲಸಿಯಿಂದಾಚೆ ಕಾಡಿನೊಳಗಿನ ನಾಲ್ಕಾರು ಮನೆಗಳ ಒಂದು ವಾಡಿಯಿಂದ ಬುಟ್ಟಿ ಹೆಣೆಯುವವನೊಬ್ಬ ಬರುತ್ತಿದ್ದ. ಗುಳಿಗೆ ತೆಗೆದುಕೊಂಡ ಮೇಲೂ ಹೋಗುತ್ತಿರಲಿಲ್ಲ, ಪರದೆಯ ಮುಂದೆ ಬಗ್ಗಿ ನಿಲ್ಲುತ್ತಿದ್ದ.

"ಅಕ್ಕಾರ, ನಾ ಅದೇನೇನ್ರಿ ಒಳಗ?"

"ಅದೀಯೋ ಮಾರಾಯಾ. ಎಲ್ಲಿ ಹೊಕ್ಕೀ?"

"ಹಂಗಲ್ರಿ. ರೇಶನ್ ಕಾರ್ಡಿನ್ಯಾಗ ನನ್ನ ಹೆಸರಿಲ್ಲ, ಓಟಿನ ಯಾದಿಯೊಳಗ ಇಲ್ಲ. ಸರಕಾರದ ಲೆಕ್ಕದಾಗ ನಾ ಹುಟ್ಟೇ ಇಲ್ಲ. ಇಲ್ಲೊಂದ ಕಡೆ ಅದೇನಿ, ಕೇಳಿ ಹೋದ್ರ ಸಮಾಧಾನ."

ನನಗೂ ಕಾಳು ಕೇರುವ ಒಂದು ಮರ ಹೆಣೆದು ತಂದಿದ್ದ. ಬೆಲೆ ಇಳಿಸಲು ನೋಡಿದೆ. "ನಿಮ್ಮ ಪೆಟಗಿ ಬೆಲಿ ನಾ ಕೇಳಿದ್ನೇನ್ರಿ?" ಎಂದ. ಹೇಳಿದಷ್ಟು ಕೊಟ್ಟೆ.

ಮಳೆಗಾಲ ಶುರುವಾದಾಗ ಯಂತ್ರದ ಮೊದಲನೇ ಡಿಸ್ಕು ಕರಕರ ಸದ್ದು ಮಾಡತೊಡಗಿತು. ಟೇಪಿಗೆ ನಕಲು ತೆಗೆಯೋಣವೆಂದರೆ ಟೇಪಿನ ಯಂತ್ರ ಥಂಡಿಗೆ ಹಾಳಾಗಿ ಮುಂಬಯಿಗೆ ಹೋಗಿ ಕೂತಿತ್ತು. ರೋಗಿಗಳ ಫೈಲುಗಳನ್ನೆಲ್ಲ ಎರಡನೇ ಡಿಸ್ಕಿಗೆ ಗಂಟು ಕಟ್ಟಿ ಸಾಗಿಸಿ ಮೊದಲನೆಯದನ್ನು ಖಾಲಿ ಮಾಡಿದರೆ, ನಾನು ರವಿವಾರ ಬಂದು ಅದನ್ನು ರಿಪೇರಿ ಮಾಡಬಹುದಿತ್ತು. ಸಂಜೆ ಅಕ್ಕಾರು ಬೆಳಗಾವಿಯ ಅಂಗಡಿಗೆ ಟ್ರಂಕ್ ಕಾಲ್ ಹಚ್ಚಿದರು. ಮಳೆಗೆ ಲೈನಿನಲ್ಲಿ ಗೊರಗೊರ ಸದ್ದು.

"ಡಿ-ಎಫ್ ಹೊಡದು ನೋಡಿದ್ರೇನ್ರಿ? ಎರಡನೇ ಡಿಸ್ಕಿನ್ಯಾಗ ಜಾಗಾ ಹೆಂಗೈತಿ?"

"ನೋಡೇನ್ರಿ. ಜಾಗಾ ಹೆಚ್ಚಾಗೈತ್ರಿ."

"ಛಲೋ ಆತು. ಹಂಗಾರ ಬರಕೊಳ್ರಿ, ಎರಡೂ ಆಜ್ಞಾ ಒಂದ ಸಾಲಿನ್ಯಾಗ."

ಟಾರ್ ಎಂಬ ಆಜ್ಞೆ ಫೈಲುಗಳ ಗಂಟು ಕಟ್ಟುತ್ತದೆ, ಆರ್‌ಎಂ ಅಳಿಸುತ್ತದೆ. ನಡುವೆ ಒಂದು ಸೆಮಿಕೋಲನ್. ಟ್ರಂಕ್ ಕಾಲಿನ ನಿಮಿಷ ಮುಗಿಯುವುದರೊಳಗೆ ಇಡೀ ಸಾಲು ಹೇಳಿ ಫೋನ್ ಇಟ್ಟೆ.

ನಮ್ಮ ಕಡೆ ಮನೆಯಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಎನ್ನುವುದಿಲ್ಲ, ಹೆಚ್ಚಾಗೈತಿ ಎನ್ನುತ್ತಾರೆ. ಬಳೆ ಒಡೆದರೆ ಬಳಿ ಹೆಚ್ಚಿತು. ರವಿವಾರ ಪೇಟೆಯಲ್ಲಿ ನನ್ನ ಯಜಮಾನರು ಸಂಜೆ ಅಂಗಡಿ ಮುಚ್ಚು ಎಂದು ಒಮ್ಮೆಯೂ ಅಂದವರಲ್ಲ. ಮರಾಠಿಯಲ್ಲಿ "ದುಕಾನ್ ವಾಢವಾ", ಅಂಗಡಿ ಬೆಳೆಸು, ಎನ್ನುತ್ತಿದ್ದರು. ನಾನು ಆ ಮಾತಿನೊಳಗೇ ಬೆಳೆದವನು. ಅಂದು ಬೆಳಗ್ಗೆ ಸಹ ನನ್ನ ಹೆಂಡತಿ ಸಕ್ಕರಿ ಹೆಚ್ಚಾಗೈತಿ ಎಂದಿದ್ದಳು, ಸಂಜೆ ತರಲು ಚೀಲ ಹಿಡಿದೇ ಅಂಗಡಿಗೆ ಬಂದಿದ್ದೆ. ಆದರೆ ಡಿಸ್ಕು ಎಂಬುದು ಇಂಗ್ಲಿಷ್ ಸಾಮಾನು. ಅದರ ಬಗ್ಗೆ ಆಡುವ ಮಾತಿಗೂ ನಮ್ಮ ಅಡುಗೆಮನೆಯ ಶಾಸ್ತ್ರ ಅಂಟಿಕೊಂಡಿರುತ್ತದೆ ಎಂದು ಯಾರಿಗೆ ಹೊಳೆಯಬೇಕು?

ರವಿವಾರ ಹೋಗಿ ನೋಡಿದೆ. ಎರಡನೇ ಡಿಸ್ಕು ಕಂಠಮಟ್ಟ ತುಂಬಿತ್ತು. ಗಂಟಿನಲ್ಲಿ ಇಂಗ್ಲಿಷಿನ ಮೊದಲ ಕೆಲವು ಅಕ್ಷರಗಳ ಊರುಗಳಷ್ಟೇ ಬಂದಿದ್ದವು. ಕಾಡಿನ ವಾಡಿಗಳನ್ನೆಲ್ಲ ಸೇರಿಸಿದ್ದ ಹಲಸಿಯ ಎಚ್ ಅಕ್ಷರಕ್ಕೆ ಬರುವ ಮೊದಲೇ ಜಾಗ ತೀರಿತ್ತು. ಜಾಗ ಇಲ್ಲವೆಂದು ಯಂತ್ರ ಖಂಡಿತ ಕೂಗಿಕೊಂಡಿರುತ್ತದೆ. ಆದರೆ ಅಂಥ ಕೂಗುಗಳು ಅಕ್ಕಾರು ಬರೆಯುವ ಪರದೆಯ ಮೇಲೆ ನಡುನಡುವೆ ಬಂದು ಕಾಟ ಕೊಡುತ್ತವೆಂದು, ಅವನ್ನೆಲ್ಲ ಕಸದ ಗುಂಡಿಗೆ ಕಳಿಸುವ ಏರ್ಪಾಡು ಅಲ್ಲಿ ಹಿಂದಿನಿಂದಲೂ ಇತ್ತು. ಸೆಮಿಕೋಲನ್ನಿಗೆ ಹಿಂದಿನ ಕೆಲಸ ಆಯಿತೋ ಕೆಟ್ಟಿತೋ ಬೇಕಿಲ್ಲ. ಅದು ಮುಂದಿನ ಆಜ್ಞೆಗೆ ದಾರಿ ಬಿಟ್ಟಿತು. ಅಳಿಸುವ ಕೆಲಸ ಸಂಪೂರ್ಣವಾಗಿ, ಸದ್ದಿಲ್ಲದೆ ಆಗಿತ್ತು.

"ಜಾಗಾ ಹೆಚ್ಚಾಗೈತಿ ಅಂದ್ರೆಲ್ರಿ ಅಕ್ಕಾರ?"

"ಅಂದೆ. ಹೆಚ್ಚಾಗಿತ್ತು."

"ಭಾಳ ಐತಿ ಅಂತಲ್ಲೇನು?"

ಅವರಿಗೆ ಆಗ ತಿಳಿಯಿತು. ಕುರ್ಚಿಯ ಮೇಲೆ ಕೂತೇ ಇದ್ದರು, ಕೈಗಳು ಮಾತ್ರ ಕೀಲಿಗಳಿಂದ ಮೆಲ್ಲಗೆ ತೊಡೆಗೆ ಬಂದವು.

"ದೀಪಾ ಹಚ್ಚೂ ಹೊತ್ತು. ಬಾಜೂಕ ಕೆಮ್ಮೂ ಮಂದಿ ಕುಂತಿದ್ರು. ಅವರ ಮುಂದ ಮುಗದೈತಿ ಅಂತ ಹೆಂಗ ಅನ್ನಲ್ರಿ? ಈ ದವಾಖಾನ್ಯಾಗ ಗುಳಿಗಿ ಮುಗದ್ರೂ ನಾವು ಹಂಗ ಅನ್ನೂದಿಲ್ಲ."

ಹೌದು, ಅನ್ನುತ್ತಿರಲಿಲ್ಲ. ಅಲ್ಲಿ ಆ ಶಬ್ದಕ್ಕೆ ಒಂದೇ ಅರ್ಥವಿತ್ತು.

ಈಗ ಯಂತ್ರ ನೋಡಿಕೊಳ್ಳುವ ಹುದ್ದೆಯಲ್ಲಿರುವವರಿಗೆ ಹೇಳುತ್ತೇನೆ. ಜಾಗ ಇದೆಯೇ ಎಂದು ಕೇಳಬೇಡಿ, ಅಂಕಿ ಓದಿಸಿ. ಪೇಟೆಯಲ್ಲಿ ಜೋಳ ಭಾಳ ಐತೇನು ಎಂದು ಯಾವ ವ್ಯಾಪಾರಿಯೂ ಕೇಳುವುದಿಲ್ಲ, ಎಷ್ಟು ಚೀಲ ಎನ್ನುತ್ತಾನೆ. ಕಟ್ಟುವ ಆಜ್ಞೆಗೂ ಅಳಿಸುವ ಆಜ್ಞೆಗೂ ನಡುವೆ ಸೆಮಿಕೋಲನ್ ಹಾಕಬೇಡಿ. ಅಂಗಡಿ ಬೋರ್ಡುಗಳಲ್ಲಿ ಎರಡು ಹೆಸರಿನ ನಡುವೆ ಬರೆಯುತ್ತಾರಲ್ಲ, ಆ ಅಂಡ್ ಗುರುತನ್ನು ಎರಡು ಸಲ ಒತ್ತಿ ಹಾಕಿ. ಆಗ ಮೊದಲನೆಯದು ನೆಟ್ಟಗಾದರೆ ಮಾತ್ರ ಯಂತ್ರ ಎರಡನೆಯದಕ್ಕೆ ಕೈ ಹಾಕುತ್ತದೆ. ಮಾಲು ಕೈಗೆ ಬಂದ ಮೇಲೆ ಹಣ, ಅದೇ ನ್ಯಾಯ. ಗಂಟು ಕಟ್ಟಿದ ಮೇಲೆ ಒಳಗೇನಿದೆ ಎಂದು ಟಾರ್ ಕೈಯಲ್ಲೇ ಪಟ್ಟಿ ಓದಿಸಿ. ಯಂತ್ರದ ಕೂಗನ್ನು ಗುಂಡಿಗೆ ಕಳಿಸಬೇಡಿ, ಬೇಕಾದರೆ ಬೇರೊಂದು ಫೈಲಿಗೆ ತಿರುಗಿಸಿ ಆಮೇಲೆ ಓದಿ. ಇವನ್ನೆಲ್ಲ ನಾನು ಎಷ್ಟೋ ಜನರಿಗೆ ಕಲಿಸಿದ್ದೇನೆ, ಅವರ ಯಂತ್ರಗಳು ಉಳಿದಿವೆ. ಹಲಸಿಯಾಚೆಯ ವಾಡಿಗಳಿಗೆ ಇದರಿಂದ ಏನೂ ಆಗಲಿಲ್ಲ. ಒಳ್ಳೆಯ ಸಲಹೆ ಯಾವಾಗಲೂ ಯಾರದೋ ಹೆಣದ ಮೇಲೆ ಹುಟ್ಟುತ್ತದೆ, ಹುಟ್ಟಿ ಬೇರೆ ಯಾರಿಗೋ ಉಪಯೋಗವಾಗುತ್ತದೆ.

ಡಾಕ್ಟರ್ ಬಾಯಿ ಬಯ್ಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ನೆನಪಾದಷ್ಟು ಹೆಸರು ಬರೆಯಿರಿ ಎಂದರಷ್ಟೆ. ನಂದಗಡದ ಫೈಲುಗಳೂ ಹೋಗಿದ್ದವು, ಆದರೆ ಅದು ಅಕ್ಕಾರ ತವರು. ಒಂದು ಸಂತೆಯ ದಿನ ಅಲ್ಲಿ ನಿಂತು ಮುಖ ನೋಡಿಯೇ ಎಲ್ಲರನ್ನೂ ಹಿಡಿದು ಬರೆಸಿದರು. ಕಾಡಿನ ವಾಡಿಗಳದ್ದು ಹಾಗಾಗಲಿಲ್ಲ. ಒಂದೇ ಹೆಸರಿನವರು ಹಲವರು, ಮಳೆ ಹಿಡಿದಿತ್ತು, ಹಳ್ಳಗಳು ತುಂಬಿದ್ದವು. ಯಾವ ವಾಡಿಗೆ ಹೋಗಿ ಯಾರನ್ನು ಕೇಳಬೇಕೆಂದು ತಿಳಿಯದೆ ಕಂಪೌಂಡರ್ ಹಲಸಿಯಿಂದಲೇ ಹಿಂದಿರುಗುತ್ತಿದ್ದ. ಬುಟ್ಟಿಯವನು ನೆನಪಿದ್ದ, ಎಲ್ಲರಿಗೂ ನೆನಪಿದ್ದ. ಅವನ ವಾಡಿಯ ಹೆಸರು ಮಾತ್ರ ಯಾರಿಗೂ ನೆನಪಿರಲಿಲ್ಲ. ಅದು ಯಂತ್ರದಲ್ಲಿತ್ತಲ್ಲ, ನೆನಪಿಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಅವನಾಗಿಯೇ ಬರಬಹುದು ಎಂದು ಕಾದೆವು. ಬರಲಿಲ್ಲ. ಅವನಿಗೆ ಆರಾಮಾಗಿತ್ತು.

ಮಳೆ ನಿಂತು ಚಳಿ ಬಿದ್ದ ಮೇಲೆ, ನಾನು ದವಾಖಾನೆಯಲ್ಲಿದ್ದ ಒಂದು ದಿನ, ಇಬ್ಬರು ಅವನನ್ನು ಹಿಡಿದುಕೊಂಡು ಬಂದರು. ಅಂಗಿಯೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಎಂಬಂತಾಗಿದ್ದ. ಬೆಂಚಿನ ಮೇಲೆ ಕೂತು ಬಹಳ ಹೊತ್ತು ಕೆಮ್ಮಿದ.

"ನಮ್ಮನ್ನ ಕರಿಯಾಕ ಯಾರೂ ಬರಲಿಲ್ರಿ ಈ ಸಲ," ಎಂದ. ದೂರುವ ಧ್ವನಿಯಲ್ಲಲ್ಲ. "ಅದಕ್ಕ ಗುಳಿಗಿ ಸಾಕಾಗಿರಬೇಕು ಅಂದಕೊಂಡೆ."

ಅವನು ಪರದೆಯ ಕಡೆ ತಿರುಗಿದ.

"ಅಕ್ಕಾರ, ನಾ ಅದೇನೇನ್ರಿ ಒಳಗ?"

"ಅದೀ," ಎಂದರು ಅಕ್ಕಾರು. ಎಂದವರೇ ಹೊಸ ಫೈಲು ತೆರೆದು ಅವನ ಹೆಸರು ಹಾಕಿದರು. "ನಿಮ್ಮ ವಾಡಿ ಹೆಸರು ಇನ್ನೊಮ್ಮಿ ಹೇಳು. ಬರಿಯೂದರಾಗ ತಪ್ಪಿತ್ತು."

ಬಾಯಿ ಅವನ ಎದೆಗೆ ನಳಿಗೆ ಹಚ್ಚಿ ಕೇಳಿ, ಹೊರಗೆ ಬಂದು ನನ್ನ ಕಡೆ ನೋಡದೆ ಹೇಳಿದರು. "ಆ ಗುಳಿಗಿ ಇನ್ನ ಇವಗ ನಾಟೂದಿಲ್ಲ. ಬ್ಯಾರೆ ಔಷಧ ನಮ್ಮ ಕಡೆ ಇಲ್ಲ."

ಆ ದವಾಖಾನೆಯೊಳಗೆ ಅವರ ಬಾಯಿಂದ ಔಷಧ ಇಲ್ಲ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು.

ಬೇಸಿಗೆಯಲ್ಲಿ ಕಂಪೌಂಡರ್ ಸುದ್ದಿ ತಂದ. ಯಂತ್ರಕ್ಕೆ ಸುದ್ದಿ ತಿಳಿಯುವುದಿಲ್ಲ. ತಿಂಗಳು ತುಂಬಿದಾಗ ಬಾರದವರ ಸಾಲಿನಲ್ಲಿ ಅವನ ಹೆಸರು ಹೊಡೆಯಿತು, ಮರುತಿಂಗಳೂ ಹೊಡೆಯಿತು. ವಾಡಿಯ ಹೆಸರು ಈ ಸಲ ಸರಿಯಾಗಿತ್ತು. ಕಂಪೌಂಡರ್ ಕಾಗದ ಕೈಗೆ ತೆಗೆದುಕೊಂಡು ಆ ಒಂದು ಹೆಸರು ಬರುವಲ್ಲಿ ನಿಲ್ಲುತ್ತಿದ್ದನಂತೆ. ತೆಗೆದುಬಿಡಿ ಎಂದು ಬಾಯಿ ಅಕ್ಕಾರಿಗೆ ಹೇಳಿದರು. ಅಕ್ಕಾರು ನಾನು ಹೋಗುವವರೆಗೆ ಹಾಗೇ ಬಿಟ್ಟಿದ್ದರು.

"ನೀವ ತಗೀರಿ. ನನ್ನ ಕೈಲೆ ಆಗೂದಿಲ್ಲ," ಎಂದು ಕುರ್ಚಿ ಬಿಟ್ಟು ಎದ್ದರು.

ಕೂತೆ. ಮೊದಲು ಎಲ್ಲಿ ನಿಂತಿದ್ದೇನೆಂದು ಕೇಳಿದೆ, ಯಂತ್ರ ಹೇಳಿತು. ಆರ್‌ಎಂ ಎಂದು ಬರೆದು ಜೊತೆಗೆ ಐ ಎಂಬ ಅಕ್ಷರ ಹಾಕಿದೆ. ಅದನ್ನು ಹಾಕಿದರೆ ಯಂತ್ರ ಅಳಿಸುವ ಮೊದಲು ಒಂದು ಮಾತು ಕೇಳುತ್ತದೆ. ನೀವೂ ಯಾವಾಗಲೂ ಹಾಕಿ. ಅದು ಅವನ ಫೈಲಿನ ಹೆಸರು ತೋರಿಸಿ, ಮುಂದೆ ಪ್ರಶ್ನೆಯ ಗುರುತು ಹಾಕಿ ಕಾಯುತ್ತ ಕೂತಿತು. ಹಿಂದೆ ಅಕ್ಕಾರು ನಿಂತಿದ್ದರು. ಹೌದು ಎಂಬುದಕ್ಕೆ ವೈ ಒತ್ತಬೇಕು.

ಒತ್ತಿದೆ. ಯಂತ್ರ ಏನೂ ಹೇಳಲಿಲ್ಲ.