ಮರಿಗಳ ಕೋಣೆಯಲ್ಲಿ ನನ್ನ ಬಾಣಂತನ

ಕೂಸಿನ ಮೈ ಸುಡುತ್ತಿದೆ ಎಂದು ಅವ್ವ ಇನ್ನೊಂದು ಕುಂಚಿಗೆ ತಂದು ತಲೆ ಮುಚ್ಚಿದಳು. ನಾನು ಬೇಡ ಅನ್ನಲಿಲ್ಲ. ಗದ್ದದ ಕೆಳಗೆ ಗಂಟು ಹಾಕಿದ್ದೇ ನಾನು.

ಕಳೆದ ಮೇ ತಿಂಗಳ ಮಾತು. ಮಗಳಿಗೆ ಹದಿನಾಲ್ಕು ದಿನ. ಗಂಡನ ಮನೆ ಹುಮನಾಬಾದ್. ಬಾಣಂತನಕ್ಕೆ ರಾಜೇಶ್ವರದ ಹತ್ತಿರದ ತವರಿಗೆ ಬಂದಿದ್ದೆ.

ಹೊಸ ಆರ್‌ಸಿಸಿ ಕೋಣೆ. ಕಿಟಕಿಗೆ ಕೌದಿ, ಫ್ಯಾನ್ ಬಂದ್, ಹೊರಸಿನ ಕೆಳಗೆ ಕೆಂಡದ ಶೇಗಡಿ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ನನಗೆ ದಿನಕ್ಕೆ ಎರಡೇ ಲೋಟ ಬಿಸಿನೀರು.

ಮೊಬೈಲ್ ನಲವತ್ತೆರಡು ಡಿಗ್ರಿ ತೋರಿಸುತ್ತಿತ್ತು. ಅದು ಹೊರಗಿನದು ಅಂದುಕೊಂಡಿದ್ದೆ... ಒಳಗೆ ಎಷ್ಟಿದೆ ಎಂದು ಯಾವ ಆ್ಯಪ್ ಕೂಡ ಹೇಳುವುದಿಲ್ಲ.

ನಾನು ಬಿಎಸ್ಸಿ ಓದಿದವಳು. ನಿದ್ದೆ ಬಾರದೆ ಕೂಸಿನ ಬಗ್ಗೆ ಸಿಕ್ಕ ವಿಡಿಯೊ ಎಲ್ಲ ನೋಡಿದ್ದೆ. ಕೂಸು ತಣ್ಣಗಾದರೆ ಏನು ಮಾಡಬೇಕು ಎಂದು ಸರ್ಚ್ ಮಾಡಿದ್ದೆ. ಬಿಸಿಯಾದರೆ ಎಂದು ಕೇಳುವುದು ಹೊಳೆದೇ ಇರಲಿಲ್ಲ.

ಅವತ್ತು ಬೆಳಗ್ಗೆಯಿಂದ ಕೂಸು ಅಳಲಿಲ್ಲ. "ಶಾಣ್ಯಾಕಿ ಅದಾಳ. ನಿನ್ನಂಗ ಹಟಮಾರಿ ಅಲ್ಲ" ಎಂದು ಅವ್ವ ಹೊಗಳಿದಳು.

ಥರ್ಮಾಮೀಟರ್ ನೂರಾ ಒಂದು ತೋರಿಸಿದಾಗ ಇಬ್ಬರೂ ಜ್ವರ ಎಂದೆವು. ಜ್ವರ ಎಂದರೆ ಥಂಡಿ ಹಿಡಿದಿದೆ. ಥಂಡಿ ಎಂದರೆ ಇನ್ನೊಂದು ಕುಂಚಿಗೆ, ಶೇಗಡಿಗೆ ಇನ್ನೆರಡು ಕುಳ್ಳು. ಎಲ್ಲ ಕ್ರಮವಾಗಿಯೇ ಇತ್ತು.

ಅಪ್ಪ ಕುರಿ ಕಾಯುವವನು. ಮೊದಲೆಲ್ಲ ದಿನವಿಡೀ ಅಡವಿಯಲ್ಲಿರುತ್ತಿದ್ದ. ಈಗೀಗ ಬೇಸಿಗೆಯಲ್ಲಿ ನಸುಕಿಗೇ ಕುರಿ ಹೊಡೆದುಕೊಂಡು ಹೋಗಿ ಹತ್ತರೊಳಗೆ ಮನೆಗೆ ಬರುತ್ತಾನೆ.

ಬಾಣಂತಿ ಕೋಣೆಗೆ ಗಂಡಸರು ಬರುವುದಿಲ್ಲ. ಅವತ್ತೂ ಹೊಸ್ತಿಲಾಚೆಯೇ ನಿಂತು ಕೇಳಿದ.

"ಕೂಸಿಂದು ಯಾಕ ದನೀನೇ ಇಲ್ಲ?"

"ಜ್ವರ ಬಂದಾವ. ಮಲಗ್ಯಾಳ," ಅಂದಳು ಅವ್ವ.

"ಉಚ್ಚಿ ಹೊಯ್ದಾಳೇನು?"

"ಗಂಡಸರು ಕೇಳೋ ಮಾತೇನ್ರಿ ಇದು!"

"ಏ, ಕೇಳಿದ್ದಕ್ಕ ಜವಾಬ್ ಕೊಡು. ಹೊಯ್ದಾಳೋ ಇಲ್ಲೋ?"

ಅವ್ವ ನನ್ನ ಕಡೆ ನೋಡಿದಳು. ನಾನು ಲಂಗೋಟಿ ಮುಟ್ಟಿ ನೋಡಿದೆ. ನಸುಕಿನಲ್ಲಿ ಕಟ್ಟಿದ್ದು, ಕಟ್ಟಿದ ಹಾಗೇ ಒಣಗಿತ್ತು. ಆಗ ಗಂಟೆ ಹನ್ನೊಂದೂವರೆ.

ಅಪ್ಪ ಹೊಸ್ತಿಲು ದಾಟಿ ಒಳಗೆ ಬಂದ. ಕೂಸಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಟ್ಟ. ಅದು ತಟ್ಟನೆ ಕೂಡಿಕೊಳ್ಳಲಿಲ್ಲ...

"ನೆತ್ತಿನೂ ಒಳಗ ಹೋಗ್ಯಾದ. ಬಿಸಲಿಗಿ ಬಿದ್ದ ಮರಿ ಹಿಂಗೇ ಮಾಡ್ತಾವ. ಏಳ್ರಿ, ದವಾಖಾನಿಗಿ ಹೋಗೋಣು."

ಟಂಟಂ ಹಿಡಿದು ಬಸವಕಲ್ಯಾಣಕ್ಕೆ ಹೊರಟೆವು. ದಾರಿಯುದ್ದಕ್ಕೂ ಕೂಸಿನ ಮೂಗಿನ ಕೆಳಗೆ ಬೆರಳು ಹಿಡಿದುಕೊಂಡಿದ್ದೆ. ಆ ಬಿಸಿಗಾಳಿಯಲ್ಲಿ ಉಸಿರು ಯಾವುದು, ಗಾಳಿ ಯಾವುದು ತಿಳಿಯಲಿಲ್ಲ.

ಡಾಕ್ಟರ್ ನನ್ನ ವಯಸ್ಸಿನ ಹೆಂಗಸು. ಕೂಸನ್ನು ಟೇಬಲ್ ಮೇಲೆ ಇಟ್ಟ ಕೂಡಲೇ, "ಮೊದಲ ಬಿಚ್ಚರಿ. ಪಾರ್ಸಲ್ ಏನ್ರಿ ಇದು?" ಅಂದರು.

ಬಿಚ್ಚುತ್ತಾ ಹೋದೆವು. ಎರಡು ಕುಂಚಿಗೆ, ಕಿವಿಗೆ ಸುತ್ತಿದ ಬಟ್ಟೆ, ಸ್ವೆಟರ್, ಎರಡು ದುಪ್ಪಟಿ. ಎಲ್ಲ ತೆಗೆದ ಮೇಲೆ ಉಳಿದ ಕೂಸು ಬಹಳ ಸಣ್ಣದಿತ್ತು.

ರಕ್ತ ತಪಾಸಣೆ ಆಯಿತು. ಇನ್ಫೆಕ್ಷನ್ ಏನೂ ಇಲ್ಲ, ಶಾಖಕ್ಕೆ ಮೈಯ ನೀರು ಆರಿದೆ, ತಾಯಿ ನೀರು ಕುಡಿಯದೆ ಹಾಲೂ ಸಾಲುತ್ತಿಲ್ಲ ಅಂದರು. ಸಲೈನ್ ಹಚ್ಚಿದರು.

ಸಂಜೆ ಹೊತ್ತಿಗೆ ಕೂಸು ಅಪ್ಪನ ಧೋತರದ ಮೇಲೆ ಉಚ್ಚೆ ಹೊಯ್ದಿತು. "ಹೊಯ್ದಳು ನೋಡು!" ಎಂದು ಅಪ್ಪ ವಾರ್ಡಿಗೆಲ್ಲ ಕೇಳುವಂತೆ ಕೂಗಿದ. ಪಕ್ಕದ ಬೆಡ್‌ನವರು ಎದ್ದು ಕೂತರು.

ಮೂರನೇ ದಿನ ಮನೆಗೆ ಬಂದೆವು. ನನ್ನ ಹೊರಸು ಹೊಸ ಕೋಣೆಯಲ್ಲಿ ಇರಲಿಲ್ಲ.

ನಮ್ಮಲ್ಲಿ ಹಳೆಯ ಮಣ್ಣಿನ ಮಾಳಿಗೆಯ ಕೋಣೆ ಒಂದಿದೆ, ದಪ್ಪ ಗೋಡೆಯದು. ತಗಡಿನ ಶೆಡ್ಡಿನ ಕೆಳಗೆ ಕಾವಿಗೆ ಕುರಿಮರಿಗಳು ಸಾಯತೊಡಗಿದಾಗ, ಎರಡು ಬೇಸಿಗೆ ಹಿಂದೆ, ಅಪ್ಪ ಅವುಗಳನ್ನು ಅದರೊಳಗೆ ಕಟ್ಟಲು ಶುರು ಮಾಡಿದ್ದ. ಅದು ತಂಪು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಾಣಂತಿಗೆ ಮಾತ್ರ ಹೊಸ ಕೋಣೆ... ಅದು ಮರ್ಯಾದೆ.

ಈಗ ಮರಿಗಳು ಬೇವಿನ ಮರದ ಕೆಳಗಿದ್ದವು. ಅಪ್ಪ ಒಂದು ದಿನ ಮೊದಲೇ ಬಂದು ಕೋಣೆ ಬಳಿದು, ಸಾರಿಸಿ, ಹೊರಸು ಹಾಕಿದ್ದ.

ಅವ್ವ ಬಾಗಿಲಲ್ಲೇ ನಿಂತಳು. "ಐತಾರ ಹುಮನಾಬಾದಿಂದ ಬೀಗರು ಬರ್ತಾರ. ಸೊಸೀಗಿ ಕುರಿ ಕೋಣ್ಯಾಗ ಹಾಕ್ಯಾರ ಅಂದ್ರ?"

"ಅನ್ಲಿ. ಒಂದ್ ತಾಸು ಒಳಗ ಕುಂತು, ಆಮ್ಯಾಗ ಅನ್ಲಿ," ಅಂದ ಅಪ್ಪ.

ಐತಾರ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಒಳಗೆ ಬಂದರು. ಊಟವಾದ ಮೇಲೆ ಅಲ್ಲೇ ನೆಲಕ್ಕೆ ಅಡ್ಡಾದರು. ಚಹಾಕ್ಕೆ ನಾನೇ ಎಬ್ಬಿಸಬೇಕಾಯಿತು.

"ವಾಸನಿ ಬರ್ತದ ಬೀಗತಿ," ಅಂದರು ಅವ್ವನಿಗೆ. "ಖರೆ ನಿದ್ದಿನೂ ಬರ್ತದ ನೋಡ್ರಿ."

ಅವ್ವ ಶಾಖ ಕೊಡುವುದನ್ನು ಬಿಡಲಿಲ್ಲ. ನಸುಕಿನಲ್ಲಿ ನೀರು ಎರೆಯುವ ಹೊತ್ತಿಗೆ ಸರಿಸಿದಳು, ಅದೂ ನನ್ನ ಬೆನ್ನಿಗೆ ಮಾತ್ರ, ಕೂಸನ್ನು ಹೊರಗೆ ಮಲಗಿಸಿ. ಆಮೇಲೆ ಶೇಗಡಿ ಅಂಗಳಕ್ಕೆ. ಕುಂಚಿಗೆ ಟ್ರಂಕಿಗೆ. ನನ್ನ ಪಕ್ಕದಲ್ಲಿ ತುಂಬಿದ ತಂಬಿಗೆ.

ಒಂದು ದಿನ ಬೆನ್ನಿಗೆ ಎಣ್ಣೆ ತಿಕ್ಕುತ್ತಾ ತಾನಾಗಿಯೇ ಹೇಳಿದಳು. "ನೀ ಹುಟ್ಟಿದ್ದು ಥಂಡ್ಯಾಗ. ನಮ್ಮತ್ತಿ ನನಗ ಹ್ಯಾಂಗ ಮಾಡಿದ್ಳೋ ಹಂಗೇ ನಿನಗ ಮಾಡಾಕತ್ತಿದ್ದೆ."

ಕ್ಷಮೆಯ ದನಿ ಇರಲಿಲ್ಲ. ನನಗೆ ಅದು ಬೇಕೂ ಇರಲಿಲ್ಲ. ಗಂಟು ಹಾಕಿದವಳು ನಾನು.

ಈಗ ಮಗಳು ಅಂಬೆಗಾಲಿಡುತ್ತಾಳೆ. ನನಗೆ ನಿದ್ದೆ ಇನ್ನೂ ಸರಿಯಾಗಿ ಬರುವುದಿಲ್ಲ.

ಬರುವ ಏಪ್ರಿಲ್‌ಗೆ ನನ್ನ ತಂಗಿಯ ಹೆರಿಗೆ ಇದೆ. ಅವ್ವ ನಿನ್ನೆ ಫೋನ್ ಮಾಡಿ, "ಈ ಸಲ ಹ್ಯಾಂಗ ಮಾಡಬೇಕು, ನೀನೇ ಹೇಳು" ಅಂದಳು. ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು.

ಸುಡುಬೇಸಿಗೆಯಲ್ಲಿ ಬಾಣಂತನ ಮಾಡಿದವರು, ಮಾಡಿಸಿಕೊಂಡವರು ಇಲ್ಲಿ ಯಾರಾದರೂ ಇದ್ದರೆ... ನೀವು ಏನು ಬಿಟ್ಟಿರಿ, ಏನು ಉಳಿಸಿಕೊಂಡಿರಿ?